ಸಾಹುಜಿಯ ಸೊಂಟದ ಸಿಂಹಗಳು

ಬೇಖಾರತ್ನ ಸಾಹುಜಿಯ ಸೊಂಟದಲ್ಲಿ ಸರ್ಪಸುತ್ತು ಎದ್ದಾಗ ಪಾಟನ್ನಿನ ಆ ಓಣಿ ಮೊದಲು ಅಯ್ಯೋ ಅಂದಿತು, ಆಮೇಲೆ ಬಾಗಿಲು ಹಾಕಿಕೊಂಡು ನಕ್ಕಿತು. ಹಿತ್ತಾಳೆ ಪಾತ್ರೆ ಮಾರುವ ಆತನ ಗಂಟಲು ಅಷ್ಟು ಪ್ರಸಿದ್ಧ. ಹೆಂಡತಿ ಲಕ್ಷ್ಮೀಶೋಭಾ, ಗಿರಾಕಿ, ಬೀದಿನಾಯಿ, ಯಾರನ್ನೂ ಬೈಯದೆ ಬಿಟ್ಟವನಲ್ಲ.

ಆಸ್ಪತ್ರೆಯ ಮಾತ್ರೆ ನುಂಗಿದ ಮೇಲೂ ಆತ ಹೆಂಡತಿಯ ಭುಜ ಹಿಡಿದು ಹೇರಾಮಾಯಾ ಚಿತ್ರಕಾರಳ ಮೆಟ್ಟಿಲು ಹತ್ತಿದ. ಸರ್ಪಸುತ್ತಿನ ತಲೆ-ಬಾಲ ಕೂಡದಂತೆ ಮೈಮೇಲೆ ಸಿಂಹ ಬರೆದು ತಡೆಯುವುದು ದೇವರ ಪಟ ಬರೆಯುವ ಮನೆತನದವರ ಕೆಲಸ. ಹೇರಾಮಾಯಾ ಅರ್ಧ ಮುಗಿದ ತಾರಾದೇವಿಯ ಪಟವನ್ನು ಗೋಡೆಗೆ ಒರಗಿಸಿ ಕುಂಚ ತೊಳೆದಳು.

"ಅಂಗಿ ಎತ್ತಿ, ಸಾಹುಜಿ."

"ಬೇಗ ಬರಿಯೇ ಮಾರಾಯ್ತಿ, ಉರೀತಿದೆ! ಇವಳೊಬ್ಬಳು, ಕಂಬದ ಹಾಗೆ ನಿಂತಿದಾಳೆ!"

ಹುಣ್ಣಿನ ಎರಡೂ ತುದಿಗೆ ಒಂದೊಂದು ಸಿಂಹ ಕೂತಿತು, ಕೇಸರ ಕೆದರಿಕೊಂಡು. ಅಪ್ಪ ಕಲಿಸಿದಂತೆ ಅವಳು ಪಥ್ಯ ಹೇಳಿದಳು: ಹುಳಿ ಬೇಡ, ಎಮ್ಮೆ ಮಾಂಸ ಬೇಡ. ಅಷ್ಟರಲ್ಲಿ ಲಕ್ಷ್ಮೀಶೋಭಾಳ ಸೋತ ಮುಖ ಕಂಡಿತು. ಅಪ್ಪ ಕಲಿಸದ ಪಥ್ಯವೊಂದು ನಾಲಿಗೆಗೆ ಬಂದೇಬಿಟ್ಟಿತು.

"ದನಿ ಎತ್ತಬಾರದು. ಸಿಂಹ ಬೆದರಿ ಓಡಿಹೋಗುತ್ತೆ."

"ಸಿಂಹ ಬೆದರುತ್ತಾ?"

"ನಿಮ್ಮ ಗಂಟಲಿಗೆ ಹುಲೀನೂ ಬೆದರುತ್ತೆ."

ಲಕ್ಷ್ಮೀಶೋಭಾ ಶಾಲಿನ ಅಂಚು ಬಾಯಿಗೆ ತುರುಕಿಕೊಂಡಳು.

ಸಾಹುಜಿ ಪಿಸುಗುಡತೊಡಗಿದ. ಗಿರಾಕಿಗಳು ನಿರ್ಭಯವಾಗಿ ಚೌಕಾಸಿ ಮಾಡಿದರು. ನಾಯಿ ಅಂಗಡಿಯ ಮೆಟ್ಟಿಲ ಮೇಲೇ ಮಲಗಿತು. ಲಕ್ಷ್ಮೀಶೋಭಾ ಕೇಳದೇ ತವರಿಗೆ ಹೋಗಿಬಂದಳು. ಹುಣ್ಣು ಒಣಗತೊಡಗಿದಾಗ ಅವಳೇ ಗುಟ್ಟಾಗಿ ಬಂದಳು.

"ಅಕ್ಕಾ, ಸಿಂಹ ಮಾಸ್ತಾ ಇದೆ. ಇನ್ನೊಂದು ಕೈ ಬಣ್ಣ ಹೊಡಿಯಲ್ವಾ?"

"ನನಗೆ ಪಾಪ ಸುತ್ತಿಕೊಳ್ಳುತ್ತೆ ಕಣೇ!" ಅಂದಳು ಹೇರಾಮಾಯಾ. ಪಾಪದ ಅಳುಕೇನೋ ನಿಜವಾಗಿಯೂ ಇತ್ತು, ಆದರೆ ನಗು ಅದನ್ನು ಮೀರಿ ಬಂತು.

ಹುಣ್ಣು ಪೂರ್ತಿ ವಾಸಿಯಾದ ಮರುದಿನ ಇಬ್ಬರೂ ಬಂದರು. ಹೇರಾಮಾಯಾ ಬೈಗುಳಕ್ಕೆ ಸಿದ್ಧಳಾಗಿ ಬಣ್ಣದ ಬಟ್ಟಲುಗಳನ್ನು ಹಿಂದಕ್ಕೆ ಸರಿಸಿದಳು. ಸಾಹುಜಿ ಬಗ್ಗಿ ಅವಳ ಕಿವಿಯಲ್ಲಿ ಉಸುರಿದ: "ಇವಳಿಗೂ ಒಂದು ಸಿಂಹ ಬರಿ."

"ಏನಾಗಿದೆ ಅವಳಿಗೆ?"

"ನಾನು ಸುಮ್ಮನಿದ್ದು ಇವಳ ಗಂಟಲು ತೆರೆದುಕೊಂಡಿದೆ! ಬೆಳಗ್ಗೆ ನನ್ನ ಅವ್ವನ್ನೂ ಗದರಿಸಿದಳು!"

"ಗದರಿಸಿದೆ! ಬರೀರಿ ನೋಡೋಣ!" ಲಕ್ಷ್ಮೀಶೋಭಾಳ ಕೂಗಿಗೆ ಕಿಟಕಿಯ ಪಾರಿವಾಳಗಳು ಹಾರಿದವು.

"ಹುಣ್ಣಿಲ್ಲದ ಮೈಮೇಲೆ ಸಿಂಹ ನಿಲ್ಲಲ್ಲ, ಸಾಹುಜಿ."

"ಹಾಗಾದ್ರೆ ನಾನಿನ್ನು ಬಾಯಿ ಬಿಡಬಹುದಾ?"

"ಬಿಡಿ."

ಆತ ಬಿಟ್ಟ. ಅವಳೂ ಬಿಟ್ಟಳು. ಇಬ್ಬರೂ ಸರಿಸಮನಾಗಿ ಕೂಗಾಡುತ್ತ ಓಣಿಯುದ್ದ ಹೋದರು. ಹೇರಾಮಾಯಾ ಹೊಟ್ಟೆ ಹಿಡಿದು ನಕ್ಕಳು. ನಗು ನಿಲ್ಲುವವರೆಗೆ ತಾರಾದೇವಿಯ ಪಟ ಮುಟ್ಟಲಿಲ್ಲ.