ಪಾದೆಯ ಮೇಲಿನ ಕಪ್ಪು

"ಮೊದಲು ಪ್ಲಗ್ ಹಾಕು ಲತೇಶ್, ಅದರ ಬ್ಯಾಟರಿ ನಿಲ್ಲುವುದಿಲ್ಲ," ಎನ್ನುತ್ತ ಕಾಂತಿ ಲ್ಯಾಪ್‌ಟಾಪನ್ನು ಚಾವಡಿಯ ಬೆಂಚಿನ ಮೇಲೆ ಇಟ್ಟೇಬಿಟ್ಟಳು.

ಅಂಗಳದ ಚಾಪೆಯಲ್ಲಿ ಅವಳ ಗಂಡ ಲೋಕನಾಥ ಮಲಗಿದ್ದ. ಬೆಳಗಿನ ಜಾವ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮೀಯಿಸಿ ಬಿಳಿವಸ್ತ್ರ ಹೊದೆಸಿ ಆಗಿತ್ತು. ಮನೆಯ ಹಿಂದಿನ ಗುಡ್ಡದಲ್ಲಿ ಚಿತೆಗೆಂದು ಮಾವಿನ ಮರ ಕೊಯ್ಯುತ್ತಿದ್ದರು. ಗರಗಸದ ಮೆಷಿನ್ನಿನ ಸದ್ದು ಬಿಟ್ಟು ಬಿಟ್ಟು ಕೇಳುತ್ತಿತ್ತು. ಆ ಸದ್ದು ನಿಂತರೆ ಹೆಣ ಎತ್ತುವುದೇ.

"ಅಮ್ಮಾ, ಇದೆಲ್ಲ ಈಗ ಬೇಕಾ?" ಮಗಳು ನವ್ಯಾ ಅತ್ತು ಕೆಂಪಾದ ಕಣ್ಣಲ್ಲೇ ತಡೆದಳು.

"ಈಗಲೇ ಬೇಕು. ನಗಾಡಿದವರೆಲ್ಲ ಇವತ್ತು ಇಲ್ಲೇ ಇದ್ದಾರೆ. ನಾಳೆ ಕರೆದರೆ ಯಾರು ಬರ್ತಾರೆ? ನಿನ್ನ ಅಪ್ಪ ಸುಳ್ಳು ಹೇಳಿದವರಾಗಿ ಈ ಅಂಗಳ ದಾಟುವುದು ಬೇಡ."

ನಗಾಡಿದವರು ಯಾರೆಂದು ಯಾರೂ ಕೇಳಲಿಲ್ಲ. ಪಕ್ಕದ ಮನೆಯ ಜಿನರಾಜ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಮ್ಮೆ ಅಲುಗಾಡಿ ಕೂತ. ನಾರಾವಿಯ ವಾಟ್ಸಾಪ್ ಗುಂಪಿಗೆ ಲೋಕನಾಥ ಆ ಫೋಟೋ ಹಾಕಿದ್ದು ಎರಡು ಮಳೆಗಾಲದ ಹಿಂದೆ. 'ನಮ್ಮ ಪಾದೆಯ ಮೇಲೆ ಕರಿಚಿರತೆ' ಎಂದು ಬರೆದಿದ್ದ. ಪಾದೆಯೆಂದರೆ ಊರಿನ ಹಾಸುಬಂಡೆ. ಫೋಟೋದಲ್ಲಿದ್ದದ್ದು ಮೇಣ ಕರಗಿದಂಥ ಒಂದು ಕಪ್ಪು ಮುದ್ದೆ. ಜಿನರಾಜ ಕೆಳಗೆ ಬರೆದಿದ್ದ: 'ಬಾಲ ಎಲ್ಲಿ ಲೋಕಣ್ಣ? ಇದು ನಮ್ಮ ಮನೆಯ ನಾಯಿ, ಬೆಳಿಗ್ಗೆಯಿಂದ ಹುಡುಕ್ತಾ ಇದ್ದೇನೆ.' ಅಂದಿನಿಂದ ಬಸ್‌ಸ್ಟ್ಯಾಂಡಿನಲ್ಲಿ, ಹಾಲಿನ ಡಿಪೋದಲ್ಲಿ, ಕಟಿಂಗ್ ಶಾಪಿನಲ್ಲಿ ಒಂದೇ ಪ್ರಶ್ನೆ. ಬಾಲ ಸಿಕ್ಕಿತಾ? ಜೀವಮಾನವಿಡೀ ಮೂಡುಬಿದಿರೆಯಿಂದ ನಾರಾವಿಗೆ ಕೊನೆಯ ಬಸ್ಸು ಬಿಟ್ಟವನಿಗೆ ರಿಟೈರಾದ ಮೇಲೆ ಸಿಕ್ಕಿದ ಹೆಸರು, ನಾಯಿ ಲೋಕಣ್ಣ.

ಲತೇಶ್ ಅವನ ಅಕ್ಕನ ಮಗ, ಮೂಡುಬಿದಿರೆಯಲ್ಲಿ ಮದುವೆ ಫೋಟೋ ತೆಗೆಯುವವ. ಮಾವನಿಗೆ ಹಳೆಯ ಕ್ಯಾಮರಾ ಕೊಟ್ಟವನೂ ಅವನೇ. "ಅತ್ತೆ, ಆ ಫೋಟೋದ ಮೂಲ ಫೈಲ್ ಉಂಟು," ಎಂದ. "ರಾ ಫೈಲ್. ಕ್ಯಾಮರಾ ಕಂಡದ್ದು ಕಂಡ ಹಾಗೆ ಇದರಲ್ಲಿ ಉಂಟು. ಆದರೆ ನಾಯ್ಸ್ ನೋಡಿ, ಮರಳು ಚೆಲ್ಲಿದ ಹಾಗೆ. ಮಾವ ಅಷ್ಟು ಕತ್ತಲೆಯಲ್ಲಿ ಯಾಕೆ ಫ್ಲ್ಯಾಶ್ ಹಾಕಲಿಲ್ಲವೋ!"

ಯಾಕೆಂದು ಕಾಂತಿಗೆ ಗೊತ್ತಿತ್ತು.

*

ಫೋಟೋ ತೆಗೆದ ಆ ಮುಚ್ಚಂಜೆಗೆ ಗಂಡಹೆಂಡತಿ ಇಬ್ಬರೂ ಪಾದೆಯ ಈಚೆಗಿನ ಕುಂಟಾಲದ ಪೊದೆಯ ಮರೆಯಲ್ಲಿ ಕೂತಿದ್ದರು. ಕಾಂತಿಯ ಮಡಿಲಲ್ಲಿ ಚಹಾದ ಫ್ಲಾಸ್ಕು. ಸೊಳ್ಳೆ ಕಚ್ಚಿ ಕಚ್ಚಿ ಅವಳಿಗೆ ಸಾಕಾಗಿತ್ತು. "ನಿಮ್ಮ ಚಿರತೆ ಟೈಮ್‌ಟೇಬಲ್ ಹಾಕಿ ಬರ್ತದಾ?" ಎಂದು ಬೈಯಲು ಬಾಯಿ ತೆರೆದವಳ ಮೊಣಕೈಯನ್ನು ಲೋಕನಾಥ ಗಟ್ಟಿಯಾಗಿ ಹಿಡಿದುಕೊಂಡ.

ಕರಿಕಲ್ಲಿನ ಮೇಲೆ ಕಲ್ಲಿಗಿಂತ ಕಪ್ಪಾದ ಒಂದು ಕಪ್ಪು ಸರಿಯಿತು. ಅಲ್ಲೇ ಮಲಗಿತು. ಮಲಗಿ, ಬಾಲವನ್ನು ಕಲ್ಲಿನಂಚಿನಿಂದ ಕೆಳಗೆ ಇಳಿಬಿಟ್ಟಿತು.

"ಫ್ಲ್ಯಾಶ್ ಹಾಕಿ," ಕಾಂತಿ ಅವನ ಕಿವಿಯಲ್ಲಿ ಹೇಳಿದಳು.

ಅವನು ಬೇಡವೆಂದು ತಲೆಯಲ್ಲಾಡಿಸಿದ. ಬಸ್ಸು ಬಿಡುವಾಗಲೂ ಅಷ್ಟೇ. ಹೆಡ್‌ಲೈಟಿಗೆ ಮೊಲ ಸಿಕ್ಕರೂ ಕಾಡುಪಾಪ ಸಿಕ್ಕರೂ ಡಿಮ್ ಮಾಡಿ ನಿಲ್ಲಿಸುತ್ತಿದ್ದ, ಹಿಂದೆ ಪ್ಯಾಸೆಂಜರುಗಳು ಎಷ್ಟು ಕೂಗಿದರೂ. ಕಣ್ಣಿಗೆ ಬೆಳಕು ಹೊಡೆದರೆ ಅದಕ್ಕೆ ದಾರಿ ಕಾಣುವುದಿಲ್ಲ ಅನ್ನುತ್ತಿದ್ದ. ಇದ್ದ ಬೆಳಕಲ್ಲೇ, ಕತ್ತಲಲ್ಲೂ ಹಿಡಿಯಲೆಂದು ಕ್ಯಾಮರಾದ ಐಎಸ್‌ಒ ಹೋಗುವಷ್ಟು ಮೇಲಕ್ಕೆ ಏರಿಸಿ, ಕೊಡೆಯ ಹಿಡಿಯ ಮೇಲೆ ಲೆನ್ಸ್ ಊರಿ ಒಂದೇ ಒಂದು ಸಲ ಒತ್ತಿದ. ಕ್ಲಿಕ್ಕೆಂಬ ಸದ್ದಿಗೆ ಕಲ್ಲಿನ ಮೇಲೆ ಮತ್ತೇನೂ ಉಳಿದಿರಲಿಲ್ಲ.

ಮನೆಗೆ ಬರುವ ದಾರಿಯಿಡೀ ಅವನು ಹುಡುಗರ ಹಾಗೆ ಜಿಗಿದಿದ್ದ. ಮರುದಿನವೇ ಪುಕ್ಕಟೆ ಸಿಕ್ಕಿದ ಸಾಫ್ಟ್‌ವೇರ್ ಹಾಕಿ, ನಾಯ್ಸ್ ತೆಗೆಯುವ ಸ್ಲೈಡರ್ ಗೆರೆಯನ್ನು ಕೊನೆಯವರೆಗೆ ಎಳೆದ. ಮರಳು ಹೋಯಿತು. ಮರಳಿನ ಜೊತೆ ಬಾಲವೂ ಕಲ್ಲಿನಲ್ಲಿ ಕರಗಿಹೋಯಿತು. ಖುಷಿಯ ಭರದಲ್ಲಿ ಅದನ್ನು ಸರಿಯಾಗಿ ನೋಡದೆಯೇ ಊರಿಗೆಲ್ಲ ಕಳಿಸಿಬಿಟ್ಟಿದ್ದ.

*

"ಕಾಂತಕ್ಕ, ಸ್ವಲ್ಪ ಜಾಗ ಬಿಡಿ." ಮೆಲ್ಕಾರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅಬ್ದುಲ್ ಸಮದ್ ಬೈಕಿನ ಪೆಟ್ಟಿಗೆಯಿಂದ ಒಂದು ಪೆನ್‌ಡ್ರೈವೂ ಉದ್ದದ ಒಂದು ಕೇಬಲ್ಲೂ ತಂದಿದ್ದ. "ನಾಯ್ಸ್ ತೆಗೆಯುವ ಹೊಸ ಸಾಫ್ಟ್‌ವೇರ್ ಬಂದಿದೆ ಅಂತ ನಿನ್ನೆಯಷ್ಟೇ ಲೋಕಣ್ಣನಿಗೆ ಹೇಳಿದ್ದೆ. ನಾಳೆ ಫಸ್ಟ್ ಬಸ್ಸಿಗೆ ಬರ್ತೇನೆ ಅಂದಿದ್ದ." ಅವನು ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. "ಪುಕ್ಕಟೆ ಟ್ರಯಲ್ ಮುಗಿದ ಹಾಗೆ ಮತ್ತೊಂದು ಇಮೇಲ್ ಕೊಡುವುದು ಮಾರಾಯ! ಅವನದ್ದು ಮುಗಿಯಿತು, ನನ್ನದು, ನನ್ನ ಹೆಂಡತಿ ಸೈನಬಳದ್ದು. ಅವಳ ಮೊಬೈಲಿಗೆ ಈಗಲೂ ದಿನಾ ಬರ್ತದೆ, ನಿಮ್ಮ ಚಿತ್ರದಲ್ಲಿ ನಾಯ್ಸ್ ಉಂಟಾ ಅಂತ."

ಯಾರೋ ಕಿಸಕ್ಕನೆ ನಕ್ಕರು. ಸಾವಿನ ಮನೆ ಎಂದು ನೆನಪಾಗಿ ಸುಮ್ಮನಾದರು.

"ಲ್ಯಾಪ್‌ಟಾಪಿನಲ್ಲಿ ಎಷ್ಟು ಜನ ನೋಡುವುದು? ಟೀವಿಗೆ ಹಾಕುವ," ಎಂದ ಸಮದ್.

"ಹೆಣ ಇಟ್ಟುಕೊಂಡು ಟೀವಿಯಾ!" ಒಳಗಿನಿಂದ ಒಬ್ಬ ಅಜ್ಜಿ ಗದರಿದಳು.

"ಹಾಕು ಸಮದಣ್ಣ," ಎಂದಳು ಕಾಂತಿ.

ಟೀವಿಯನ್ನು ಚಾವಡಿಯ ಬಾಗಿಲಿನವರೆಗೆ ಎಳೆದು ಅಂಗಳಕ್ಕೆ ಮುಖ ಮಾಡಿ ನಿಲ್ಲಿಸಿದರು. ಪರದೆ ಬೆಳಗಿದ್ದೇ ತಡ, ಕುರ್ಚಿಗಳು ಕಿರುಗುಟ್ಟಿದವು. ಮೆಟ್ಟಿಲಿನ ಮೇಲೆ, ಕಿಟಕಿಯ ಪಕ್ಕ, ಟೀವಿಯ ಮೂತಿಗೇ ಜನ ಮುತ್ತಿಕೊಂಡರು. ಲತೇಶ್ ಮೊದಲು ತಾನು ಮದುವೆ ಆಲ್ಬಮ್ಮಿಗೆ ಬಳಸುವ ಸಾಫ್ಟ್‌ವೇರನ್ನು ಹಾಕಿದ.

"ಮುಖಕ್ಕೆ ಪೌಡರ್ ಬಳಿದ ಹಾಗಾಯಿತು. ಮದುಮಗಳಿಗೆ ಸರಿ, ಇದಕ್ಕಲ್ಲ," ಎಂದು ಅವನೇ ತೆಗೆದ. ಇನ್ನೊಂದರಲ್ಲಿ ಪಾದೆಗೆ ಹಸಿರು, ಕೆಂಪು ಕಲೆಗಳು ಹುಟ್ಟಿದವು. "ಈ ಚಿರತೆಗೆ ಸಿಡುಬು," ಎಂದ ಯಾರೋ ಒಬ್ಬ. ಈ ಸಲ ನವ್ಯಾಳಿಗೂ ನಗು ತಡೆಯಲಾಗಲಿಲ್ಲ.

"ಈಗ ಹೊಸದು. ಎಐ," ಎಂದ ಸಮದ್.

ಪರದೆಯ ಕೆಳಗೆ ನೀಲಿ ಪಟ್ಟಿ ತೆವಳತೊಡಗಿತು. ಗುಡ್ಡದಲ್ಲಿ ಗರಗಸ ಒಮ್ಮೆ ನಿಂತಿತು. ಎಲ್ಲರೂ ಗುಡ್ಡದ ಕಡೆ ಕತ್ತು ತಿರುಗಿಸಿದರು. ಮತ್ತೆ ಹೊರಟಿತು. "ಮುಕ್ಕಾಲು ಆಯ್ತು... ಆಯ್ತು, ಆಯ್ತು, ಬಂತು!"

ಬಂದೇಬಂತು. ಕನ್ನಡಿಯಷ್ಟು ನುಣುಪಾದ ಪಾದೆ. ಅದರ ಮೇಲೆ ಮಿರಿಮಿರಿ ಮಿಂಚುವ ಕರಿಚಿರತೆ. ಮೀಸೆ, ಬೆನ್ನ ಮೇಲೊಂದು ಬಾಲ, ನೆಟ್ಟಗೆ ನೋಡುವ ಎರಡು ಹಳದಿ ಕಣ್ಣು. ಅಂಗಳವಿಡೀ ಹೋ ಎಂದಿತು. ಲತೇಶ್ ಸಮದನ ಬೆನ್ನಿಗೆ ಗುದ್ದಿದ. ಹೊರಗಿದ್ದವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದರು.

ಜಿನರಾಜ ಎದ್ದು ನಿಂತ. "ಕಾಂತಕ್ಕ, ನಾನು ಸೋತೆ. ಬಾಲ ಉಂಟು. ಗುಂಪಿನಲ್ಲಿ ಈಗಲೇ ಹಾಕ್ತೇನೆ, ತಪ್ಪಾಯಿತು ಅಂತ." ಆಗಲೇ ಮೊಬೈಲ್ ಎತ್ತಿದ್ದ.

ಕಾಂತಿ ಟೀವಿಯನ್ನೇ ನೋಡುತ್ತಿದ್ದಳು.

"ಇದಲ್ಲ," ಎಂದಳು.

"ಎಂತ ಅತ್ತೆ?"

"ಅದು ನಮ್ಮ ಕಡೆ ನೋಡಲೇ ಇಲ್ಲ ಲತೇಶ್. ಮುಖ ಆಚೆ ಇತ್ತು. ಬಾಲ ಬೆನ್ನ ಮೇಲಲ್ಲ, ಕೆಳಗೆ. ಇದು ಯಾವ ಊರಿನದ್ದೋ."

"ಕಾಂತಕ್ಕ, ಗೆದ್ದಾಯಿತಲ್ಲ!" ಸಮದ್ ಕೈಮುಗಿಯುವಂತೆ ಹೇಳಿದ. "ಜಿನರಾಜಣ್ಣನೇ ಒಪ್ಪಿದರು. ಬಿಡಿ."

"ಹೇಗೆ ಬಿಡುವುದು? ನಮ್ಮವರು ಕಾಣದ್ದನ್ನು ಕಂಡರು ಅಂತ ಮಾಡಿ ಕಳಿಸಿದರೆ ಅದೂ ಸುಳ್ಳೇ ಅಲ್ವಾ?"

ಸಮದ್ ಲ್ಯಾಪ್‌ಟಾಪನ್ನು ಲತೇಶನ ಕಡೆ ಸರಿಸಿದ.

*

ಕಳೆದ ತಿಂಗಳು ಸಮದನ ಅಂಗಡಿಯಲ್ಲೂ ಹೀಗೇ ಆಗಿತ್ತು. ಬೇರೊಂದು ಸಾಫ್ಟ್‌ವೇರ್ ಚಂದದ ಒಂದು ಬಾಲ ಕೊಟ್ಟಿತ್ತು. ಸಮದ್ ಕುಣಿದಾಡಿದ್ದ. ಲೋಕನಾಥ ಮೂಗು ಪರದೆಗೆ ತಾಗುವಷ್ಟು ಬಾಗಿ, ಆದಷ್ಟೂ ದೊಡ್ಡದು ಮಾಡಿ, ಕಣಕಣ ನೋಡಿ ಕನ್ನಡಕ ಒರೆಸಿಕೊಂಡಿದ್ದ. "ಚಂದ ಉಂಟು. ಆದರೆ ಇದು ಕಲ್ಲಿನ ಬಿರುಕು ಸಮದ್, ಬಾಲ ಅಲ್ಲ. ಬೇರೆ ಒಂದು ನೋಡುವ." ಅವನ ಮುಖದಲ್ಲಿ ಸೋಲಿರಲಿಲ್ಲ. ನಾಳೆಯೂ ಬರಲಿಕ್ಕೆ ಒಂದು ಕಾರಣ ಸಿಕ್ಕಿದ ಖುಷಿಯಿತ್ತು.

*

"ಎಲ್ಲ ತೆಗಿ," ಎಂದಳು ಕಾಂತಿ. "ಅವರು ತೆಗೆದದ್ದನ್ನು ಹಾಗೆಯೇ ಹಾಕು."

"ಏನೂ ಕಾಣುವುದಿಲ್ಲ ಅತ್ತೆ."

"ಕಾಣದಿದ್ದರೆ ಕಾಣದಿರಲಿ."

ಲತೇಶ್ ಒಂದೊಂದೇ ಗೆರೆಯನ್ನು ಸೊನ್ನೆಗೆ ತಂದ. ಬೆಳಕನ್ನು ಮಾತ್ರ ಸ್ವಲ್ಪ ಏರಿಸಿ, ಇಡೀ ಫೋಟೋವನ್ನು ಪರದೆಗೆ ಹೊಂದಿಸಿದ. ಬೂದು, ಕಪ್ಪು, ಕಂದು ಮರಳು ಟೀವಿಯ ತುಂಬ ಕುದಿಯಿತು. ಮುಂದಿದ್ದವರು ಕಣ್ಣು ಕಿರಿದು ಮಾಡಿದರು. ಒಬ್ಬ ಇದು ಕಲ್ಲು ಎಂದ, ಇನ್ನೊಬ್ಬ ಅಲ್ಲ, ಪೊದೆ ಎಂದ. ಗುಡ್ಡದಲ್ಲಿ ಸದ್ದು ನಿಂತಿತ್ತು. ಈ ಸಲ ಮತ್ತೆ ಹೊರಡಲಿಲ್ಲ.

"ಆಯಿತು, ಏಳಿ," ಎಂದು ಹಿರಿಯರೊಬ್ಬರು ಹೆಗಲ ಬೈರಾಸು ಸೊಂಟಕ್ಕೆ ಬಿಗಿದರು. ನವ್ಯಾ ಅಮ್ಮನ ಕೈ ಹಿಡಿದಳು. ಕಾಂತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಜಿನರಾಜ ಆಗಲೇ ಚಾವಡಿಯಿಂದ ಇಳಿದುಹೋಗಿದ್ದ. ತಾನು ಒಪ್ಪಿದ ಸೋಲನ್ನೇ ಅವಳು ತಿರುಗಿಸಿ ಕೊಟ್ಟದ್ದು ಅವನನ್ನು ಚುಚ್ಚಿತ್ತು. ಅಂಗಳದ ಆಚೆ ತುದಿಯಲ್ಲಿ, ಹೆಣದ ತಲೆದೆಸೆಯಲ್ಲಿ ಒಬ್ಬನೇ ನಿಂತು ಸುಮ್ಮನೆ ತಿರುಗಿ ನೋಡಿದ.

"ಅಯ್ಯೋ!" ಎಂದ.

ಎಲ್ಲರೂ ಅತ್ತ ತಿರುಗಿದರು.

"ಇಲ್ಲಿ ಬನ್ನಿ! ಹಿಂದೆ ಬನ್ನಿ ಮಾರಾಯ್ರೆ, ಹತ್ತಿರ ನಿಂತರೆ ಕಾಣುವುದಿಲ್ಲ! ಲತೇಶ್, ಅದನ್ನು ಮುಟ್ಟಬೇಡ, ಹಾಗೇ ಬಿಡು! ಹಿಂದೆ, ಇನ್ನೂ ಹಿಂದೆ!"

ಜನ ಟೀವಿಗೆ ಬೆನ್ನು ಕೊಡದೆ ಹಿಂದೆ ಹಿಂದೆ ಸರಿದರು. ಮೆಟ್ಟಿಲು ಇಳಿದರು. ಒಬ್ಬರ ಕಾಲು ಒಬ್ಬರು ತುಳಿಯುತ್ತ ಅಂಗಳಕ್ಕೆ ಬಂದು, ಲೋಕನಾಥನ ಸುತ್ತ ನಿಂತರು. ಅಲ್ಲಿಂದ ಮರಳು ಒಂದಕ್ಕೊಂದು ಕೂಡಿಕೊಂಡಿತ್ತು. ಪಾದೆ ಇತ್ತು. ಪಾದೆಯ ಮೇಲೆ, ಮುಖ ಆಚೆಗಿಟ್ಟು ಮಲಗಿದ ಕಪ್ಪು. ಬಗ್ಗಿದ ಕುತ್ತಿಗೆ, ಬೆನ್ನು, ಅಲ್ಲಿಂದ ಕಲ್ಲಿನಂಚಿಗೆ ಇಳಿಬಿದ್ದ ಉದ್ದನೆಯ ಬಾಲ, ತುದಿಯಲ್ಲಿ ಸ್ವಲ್ಪ ಕೊಂಕು.

ಯಾರೂ ಕೂಗಲಿಲ್ಲ. ಕಾಂತಿ ಎಲ್ಲರಿಗಿಂತ ಕೊನೆಗೆ ಬಂದಳು. ಗಂಡನ ಪಕ್ಕ ಕೂತಳು, ಆಮೇಲೆ ನೋಡಿದಳು. "ಹ್ಞಾಂ," ಎಂದಳು. "ಇದೇ."

ಕೊಡಲಿ ಹಿಡಿದು ಗುಡ್ಡ ಇಳಿದು ಬಂದವರು ಕೂಡ ಏನೂ ಕೇಳದೆ ಹಿಂದೆ ನಿಂತರು. ಜಿನರಾಜ ತನ್ನ ಶಾಲನ್ನು ನಾಲ್ಕು ಮಡಿಕೆ ಮಾಡಿದ. ಮೊಣಕಾಲೂರಿ, ಲೋಕನಾಥನ ತಲೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ, ಅದರಡಿ ಇಟ್ಟ. ಈಗ ಆ ಮುಖ ಸ್ವಲ್ಪ ಮೇಲೆ ಬಂದು ಟೀವಿಯ ಕಡೆಗಾಯಿತು.