ಬರಿ ಚಿಪ್ಪು

ಕಟ್ಟಿಟ್ಟ ಪೆಟ್ಟಿಗೆ ಎತ್ತಿದಾಗ ಒಳಗೆ ಏನೋ ಸರಸರ ಅಂದಿತು. ತೆಂಗಿನ ಚಿಪ್ಪಿನ ಬಟ್ಟಲು ಹಾಗೆ ಸದ್ದು ಮಾಡುವುದಿಲ್ಲ. ಇನ್ನೊಂದನ್ನು ಎತ್ತಿ ಕಿವಿಗೆ ಹಿಡಿದೆ. ಅದೂ ಹಾಗೇ.

ಅರಸೀಕೆರೆಯಿಂದ ಬರುವ ಚಿಪ್ಪನ್ನು ಉಜ್ಜಿ, ಎಣ್ಣೆ ಹಚ್ಚಿ ಬಟ್ಟಲು ಮಾಡುವ ಷೆಡ್ಡು ನಮ್ಮದು, ಮಾದಿಹಳ್ಳಿಯಲ್ಲಿ. ಯಜಮಾನರು ತಿಮ್ಮೇಶಣ್ಣ. ಬಿ.ಕಾಂ. ಮುಗಿಸಿ ಹಗರೆಯಿಂದ ಬಸ್ಸಿನಲ್ಲಿ ಬರುವ ನಾನು ಕಾಗದಪತ್ರ ನೋಡುತ್ತೇನೆ. ಮಾತಿಗಿಂತ ನನಗೆ ಅದೇ ಸಲೀಸು. ಈಗ ಮೊದಲ ಸಲ ಮುನ್ನೂರು ಬಟ್ಟಲು ಜರ್ಮನಿಗೆ ಹೊರಟಿದ್ದವು. ಅಲ್ಲಿಯವರಿಗೆ ಬಟ್ಟಲಿಗಿಂತ ಅದರ ಸುತ್ತ ಇರುವುದರದ್ದೇ ಚಿಂತೆ. ರಟ್ಟು ಎಷ್ಟು ಗ್ರಾಂ, ಕಾಗದ ಎಷ್ಟು, ಪ್ಲಾಸ್ಟಿಕ್ ಇದೆಯೇ, ಎಲ್ಲವನ್ನೂ ಮೊದಲೇ ತಿಳಿಸಬೇಕು. ಪೆಟ್ಟಿಗೆಯೊಂದಕ್ಕೆ ರಟ್ಟು ಅರವತ್ತೆರಡು ಗ್ರಾಂ, ಕಾಗದ ಎಂಟು, ಬೇರೇನೂ ಇಲ್ಲ ಎಂದು ನಾನೇ ತೂಗಿ ಬರೆದು ಕಳಿಸಿದ್ದೆ.

ಪೆಟ್ಟಿಗೆ ಬಿಚ್ಚಿದೆ. ಬಟ್ಟಲಿನ ತಳದಲ್ಲಿ ಐದು ಬೆರಳಲ್ಲಿ ಎತ್ತಿದಷ್ಟು ಅಕ್ಕಿ.

ಕಾಳು ಕಡ್ಡಿ ಸಿಕ್ಕರೆ ಸರಕು ಬಂದರಿನಲ್ಲೇ ನಿಲ್ಲುತ್ತದೆ ಎಂದು ಕೊಳ್ಳುವವರು ಎರಡು ಸಲ ಎಚ್ಚರಿಸಿದ್ದರು. ನಿಂತರೆ ಇನ್ನೊಂದು ಆರ್ಡರ್ ಇಲ್ಲ. ಲಾರಿ ಬರುವುದು ಸಂಜೆ ಐದಕ್ಕೆ.

ಪೆಟ್ಟಿಗೆ ಕಟ್ಟುವವರು ಕೆಂಪಲಕ್ಷ್ಮಮ್ಮ, ಷೆಡ್ಡಿನವರಿಗೆಲ್ಲ ಅಜ್ಜಿ. ಅವರ ಮುಂದೆ ಹೋಗಿ ನಿಂತೆ. ಅಂಗೈಯಲ್ಲಿದ್ದ ಅಕ್ಕಿ ತೋರಿಸಿದೆ.

"ಸಿಕ್ತಾ? ನಾನೇ ಹಾಕಿದ್ದು ಕಣೇ. ಬಟ್ಟಲು ಆಚೆಗೆ ಕೊಡುವಾಗ ಬರಿದು ಕೊಡ್ತಾರಾ?"

"ಮುನ್ನೂರಕ್ಕೂ ಹಾಕಿದ್ದೀರಾ ಅಜ್ಜಿ?"

"ಒಂದು ಮನೆಗೆ ಹಾಕಿ ಇನ್ನೊಂದು ಮನೆಗೆ ಬಿಡಕ್ಕಾಯ್ತದಾ?"

ಅಷ್ಟರಲ್ಲಿ ಬಂದ ತಿಮ್ಮೇಶಣ್ಣ ಅಕ್ಕಿ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು. "ಅಜ್ಜಿ, ಅದು ಜರ್ಮನಿ. ನಿನ್ನ ಬೀಗರ ಮನೆ ಅಲ್ಲ."

"ಅದ್ಕೇ ಕಣ್ಲಾ. ಅಷ್ಟು ದೂರದೋರ ಕೈಗೆ ಬರಿ ಚಿಪ್ಪು ಕೊಡ್ತೀಯಾ?"

ಉಜ್ಜುತ್ತಿದ್ದವರೆಲ್ಲ ನಕ್ಕರು. ಅಜ್ಜಿ ನಗಲಿಲ್ಲ. ಕಾಗದದ ಟೇಪನ್ನು ಕೆಳಗಿಟ್ಟು, "ಬರಿದು ಅಂದ್ರೆ ನಾನು ಕಟ್ಟಕಿಲ್ಲ. ಬ್ಯಾರೆಯೋರ ಕೈಲಿ ಕಟ್ಸು" ಎಂದರು. ಅವರಷ್ಟು ಬಿಗಿಯಾಗಿ, ಬೇಗ ಕಟ್ಟುವವರು ನಮ್ಮಲ್ಲಿ ಯಾರೂ ಇಲ್ಲ.

ಬಟ್ಟಲಿಗೆ ಸುತ್ತುವ ಕಾಗದ ನನ್ನ ಕೈಯಲ್ಲೇ ಇತ್ತು. ತಕ್ಕಡಿಗಿಟ್ಟೆ, ಎಂಟು ಗ್ರಾಂ. ತೆಗೆದು ಅದರ ಮೇಲೆ ಪೆನ್ನಿನಲ್ಲಿ ಒಂದು ಸಾಲು ಬರೆದೆ. ಮತ್ತೆ ಇಟ್ಟೆ. ಎಂಟೇ.

"ಏನೇ ಬರದೆ?"

"ಉಂಡುಕೊಂಡು ಚೆನ್ನಾಗಿರಿ ಅಂತ." ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. "ಇದನ್ನೇ ಬಟ್ಟಲಿಗೆ ಸುತ್ತಿ, ಬರೆದ ತುದಿಯನ್ನು ಮಡಚಿ ಒಳಗೆ ಇಡೋಣ ಅಜ್ಜಿ. ಬರಿದಾಗಲ್ಲ. ತೂಕವೂ ಬದಲಾಗಲ್ಲ."

"ಅವರಿಗೆ ಕನ್ನಡ ಬರಲ್ವಲ್ಲ" ಎಂದರು ತಿಮ್ಮೇಶಣ್ಣ.

"ನನ್ನ ಅಕ್ಕಿಗೆ ಬತ್ತಿತ್ತಾ?" ಅಜ್ಜಿ ಟೇಪು ಕೈಗೆತ್ತಿಕೊಂಡರು. "ಬರಿದು ಕಳಿಸಬ್ಯಾಡ ಅಂದ್ರೆ ಇವಳಿಗೆ ಬರದು ಕಳಿಸು ಅಂತ ಕೇಳ್ಸೈತೆ. ಕಳಿಸ್ಲಿ ಬಿಡು."

ಮುನ್ನೂರು ಪೆಟ್ಟಿಗೆ ಬಿಚ್ಚಿದೆವು. ಒಬ್ಬರು ಬಟ್ಟಲು ಒರೆಸಿದರು, ಒಬ್ಬರು ಕಾಗದ ಮಡಚಿದರು, ನಾನು ಬರೆಯುತ್ತಲೇ ಇದ್ದೆ. ನೂರರ ಹೊತ್ತಿಗೆ ಕೈ ಸೋತು ಅಕ್ಷರ ಒಂದು ಕಡೆಗೆ ವಾಲತೊಡಗಿತು. ಯಾರೂ ದೂರಲಿಲ್ಲ. ಒಟ್ಟಾದ ಅಕ್ಕಿ ಒಂದು ಸೇರಿನಷ್ಟಾಯಿತು. ಮಧ್ಯಾಹ್ನ ಅದನ್ನೇ ಬೇಯಿಸಿ ಚಿತ್ರಾನ್ನ ಕಲಸಿ, ಅಂಚು ಸೀಳಿತೆಂದು ಪಕ್ಕಕ್ಕಿಟ್ಟಿದ್ದ ಬಟ್ಟಲುಗಳಲ್ಲಿ ಬಡಿಸಿಕೊಂಡೆವು. ಜರ್ಮನಿಯವರ ಪಾಲು ನಮಗೆ ಬಂತು ಎಂದು ತಿಮ್ಮೇಶಣ್ಣ ಎರಡು ಸಲ ಹಾಕಿಸಿಕೊಂಡರು.

ಲಾರಿ ಬಂದು ನಿಂತಿತ್ತು. ಅಜ್ಜಿ ಕೊನೆಯ ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಸದ್ದೇ ಇಲ್ಲ. ನಿನ್ನಂಗೇ ಕಣೇ" ಎಂದು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. "ಎಲ್ಲ ಒಳಗೈತೆ."