ಏಳನೆಯ ದಾರಿಗೆ ಸೊನ್ನೆ

ಆ ಊರಿನಲ್ಲಿ ಕಡಲಿಗೆ ಇಳಿಯುವ ಸಾರ್ವಜನಿಕ ದಾರಿಗಳು ಹನ್ನೊಂದು. ಸಂಜೆ ಪ್ರತಿಯೊಂದರ ಬಾಯಲ್ಲೂ ಮರಳು ಹರವಿ ಸಮ ಮಾಡಿ, ಮರುದಿನ ಅದರ ಮೇಲೆ ಮೂಡಿದ ಹೆಜ್ಜೆಗಳನ್ನು ಎಣಿಸಿ ಬರೆಯುವುದು ಅವಳ ಕೆಲಸ. ಪುರಸಭೆಯಲ್ಲಿ ಎಲ್ಲರಿಗೂ ಅವಳು ಹೆಜ್ಜೆಯಕ್ಕ. ಹೆಜ್ಜೆ ಹೆಚ್ಚಿದ ದಾರಿಯ ಎದುರು ಕಾರು ನಿಲ್ಲಿಸಲು ಬಿಳಿ ಗೆರೆ ಎಳೆಯುತ್ತಿದ್ದರು.

ಏಳನೆಯ ದಾರಿ ಅವಳ ಮನೆಗೂ ಪಕ್ಕದ ಮನೆಗೂ ನಡುವಿನ ಓಣಿ. ಒಬ್ಬರು ನಡೆಯುವಷ್ಟೇ ಅಗಲ. ಬೆಳಗಿನ ಐದೂಮುಕ್ಕಾಲಿಗೆ, ಗಂಡ ಮಗ್ಗುಲು ಬದಲಿಸುವ ಮುಂಚೆ, ಅವಳು ಅಲ್ಲಿಂದ ಇಳಿದು ಹೋಗುತ್ತಿದ್ದಳು. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಮಂಜಿನಲ್ಲಿ ತಿಳಿಯುತ್ತಿರಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತರೆ ತಾನು ಯಾರ ಸೊಸೆ, ಯಾರ ತಾಯಿ ಎಂಬುದೆಲ್ಲ ಒಂದೊಂದಾಗಿ ಕಳಚಿ ತೇಲಿಹೋಗಿ, ಉಸಿರೊಂದೇ ಉಳಿಯುತ್ತಿತ್ತು. ಇಪ್ಪತ್ತು ನಿಮಿಷ. ಬರುವಾಗ ಕಡ್ಡಿಪೊರಕೆಯಿಂದ ತನ್ನ ಹೆಜ್ಜೆಗಳನ್ನು ಅಳಿಸಿ, ಪುಸ್ತಕದಲ್ಲಿ ಏಳನೆಯದಕ್ಕೆ ಸೊನ್ನೆ ಬರೆಯುತ್ತಿದ್ದಳು. ಅಲ್ಲಿಗೆ ಕಾರುಗಳು ಬರಬಾರದು, ಅಷ್ಟೇ ಅವಳ ಆಸೆ. ಹೀಗೇ ಮೂರು ವರ್ಷ.

ಒಂದು ಸೋಮವಾರ ಮೇಲಧಿಕಾರಿ ಅವಳ ಮುಂದೆ ಕಾಗದವೊಂದನ್ನು ತಳ್ಳಿದರು. ಪಕ್ಕದ ಮನೆಯ ನಿವೃತ್ತ ಕ್ಯಾಪ್ಟನ್ನರ ಅರ್ಜಿ. ಮೂರು ವರ್ಷ ಯಾರೂ ತುಳಿಯದ ದಾರಿಯನ್ನು ನಿಯಮದಂತೆ ಮುಚ್ಚಿ ತಮ್ಮ ಅಂಗಳಕ್ಕೆ ಸೇರಿಸಿಕೊಡಬೇಕಂತೆ.

"ನಿಮ್ಮ ಪುಸ್ತಕಾನೇ ಸಾಕ್ಷಿ, ಹೆಜ್ಜೆಯಕ್ಕ. ಗುರುವಾರ ಬಂದು ಹೌದು ಅಂದ್ರೆ ಮುಗೀತು."

ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದಳು. ಅತ್ತೆ ಬಟಾಣಿ ಸುಲಿಯುತ್ತಿದ್ದರು.

"ಏನೇ, ಮುಖ ಇಷ್ಟುದ್ದ? ಕಡಲೇನಾದ್ರೂ ಬತ್ತಿಹೋಯ್ತಾ?"

ಅವಳು ಅರ್ಜಿಯ ವಿಷಯ ಹೇಳಿದಳು. ಅತ್ತೆ ತಲೆಯೆತ್ತಲಿಲ್ಲ. "ಮತ್ತೆ, ದಿನಾ ಬೆಳಗ್ಗೆ ಹೋಗ್ತೀಯಲ್ಲ, ಹೇಳು ಅವರಿಗೆ."

"ನಿಮಗೆ ಗೊತ್ತಿತ್ತಾ?"

"ಒದ್ದೆ ಬಟ್ಟೆ ಹಿಂಡೋ ಸದ್ದು ಕೇಳಲ್ವಾ? ಮಂಜಾಗಿರೋದು ನನ್ನ ಕಣ್ಣು, ಕಿವಿಯಲ್ಲ."

"ಒಂದಿನಾನೂ ಕೇಳ್ಲಿಲ್ವಲ್ಲ ಅತ್ತೆ."

"ಕೇಳಿದ್ರೆ ನೀನು ಹೋಗೋದು ಬಿಟ್ಟುಬಿಡ್ತಿದ್ದೆ. ಆ ಇಪ್ಪತ್ತು ನಿಮಿಷ ಈ ಅಡುಗೆಮನೆ ನಂದೊಬ್ಬಳದೇ ಆಗಿರ್ತಿತ್ತು ಕಣೆ. ನಾನ್ಯಾಕೆ ಕಳ್ಕೊಳ್ಲಿ?"

ಗುರುವಾರ ಕಚೇರಿಯಲ್ಲಿ ಅವಳು ಎದ್ದು ನಿಂತಳು. "ಆ ಸೊನ್ನೆ ತಪ್ಪು. ದಿನಾ ಒಬ್ಬಳು ನಡೀತಾಳೆ. ನಾನು. ಹೆಜ್ಜೆ ಅಳಿಸಿದ್ದೂ ನಾನೇ."

ಮೇಲಧಿಕಾರಿ ಕನ್ನಡಕ ತೆಗೆದರು. "ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲಮ್ಮಾ!"

ಕ್ಯಾಪ್ಟನ್ ನಕ್ಕರು. "ಒಬ್ಬರಿಗೋಸ್ಕರ ಒಂದು ದಾರಿನಾ?"

"ಓಣಿ ಇರೋದೇ ಒಬ್ಬರಿಗಾಗೋಷ್ಟು, ಕ್ಯಾಪ್ಟನ್ರೇ."

ದಾರಿ ಉಳಿಯಿತು. ಎಣಿಕೆಯ ಪುಸ್ತಕ ಅವಳ ಕೈತಪ್ಪಿತು. ನಲ್ಲಿ ದೂರುಗಳ ವಿಭಾಗಕ್ಕೆ ವರ್ಗ ಮಾಡಿದರು. ತಿಂಗಳೊಳಗೆ ಓಣಿಯ ಬಾಯಲ್ಲಿ ‘ಸಾರ್ವಜನಿಕ ದಾರಿ’ ಎಂಬ ನೀಲಿ ಫಲಕ ಬಂತು, ರಸ್ತೆಯಂಚಿನಲ್ಲಿ ಎರಡು ಕಾರಿಗಾಗುವಷ್ಟು ಬಿಳಿ ಗೆರೆ.

ಮೊದಲ ಭಾನುವಾರ ಅವಳು ಇಳಿಯಬೇಕೆನ್ನುವಾಗ ಗೆರೆಗಳ ನಡುವೆ ಒಂದು ಕಾರು ನಿಂತಿತ್ತು. ಒಳಗೆ ಹೆಂಗಸೊಬ್ಬಳು ಸ್ಟಿಯರಿಂಗ್ ಹಿಡಿದೇ ಕೂತಿದ್ದಳು, ಇಳಿಯಲೋ ಬೇಡವೋ ಎಂಬಂತೆ. ಕಿಟಕಿ ಇಳಿಸಿ ಕೇಳಿದಳು: "ಇಲ್ಲಿ ಒಬ್ಬರೇ ಹೋಗಬಹುದಾ?"

ಇಲ್ಲ ಎನ್ನಬಹುದಿತ್ತು, ಈ ಹೆಂಗಸು ನಂಬಿ ಹಿಂದಿರುಗುತ್ತಿದ್ದಳು ಕೂಡ.

"ಹೋಗಿ. ಕೊನೇಲಿ ಬಲಗಡೆ ಕಲ್ಲು ಜಾರುತ್ತೆ, ನೋಡ್ಕೊಳಿ."

ಹೆಂಗಸು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಮಂಜಿನೊಳಗೆ ನಡೆದಳು. ಮೊದಲು ಪಾದ ಕಾಣದಾಯಿತು, ಆಮೇಲೆ ಬೆನ್ನು. ಹೆಜ್ಜೆಯಕ್ಕ ಖಾಲಿ ಉಳಿದ ಇನ್ನೊಂದು ಕಾರಿನ ಗೆರೆಗಳ ನಡುವೆ, ರಸ್ತೆಯಂಚಿನ ತಣ್ಣನೆಯ ಕಲ್ಲಿನ ಮೇಲೆ ಕೂತು ತನ್ನ ಸರದಿಗೆ ಕಾದಳು.